ಅಡ್ಡ ಸಿಕ್ಕಿದ್ದ ಮರಿ

ಅಪ್ಪಾ,

ಇವತ್ತು ಮಧ್ಯಾಹ್ನ ಜಾರ್ಜಿಯಾ ದೇಶದ ಒಂದು ಮೆಡಿಕಲ್ ಕಾಲೇಜಿನವರು ವಿಡಿಯೊ ಕಾಲ್‌ನಲ್ಲಿ ನನ್ನ ಇಂಟರ್‌ವ್ಯೂ ಮಾಡಿದ್ರು. ನೀನು ತೀರಿಕೊಂಡ ಮೇಲೆ ಕುರಿ ಕಾಯೋದು ಅವ್ವನೇ. ಕುರಿ ಅರಚೋದು ಅವರಿಗೆ ಕೇಳಬಾರದು ಅಂತ ಬೆಳಗ್ಗೇನೇ ಮಂದೆನೆಲ್ಲ ಮಾರಿಕಣಿವೆ ಕಡೆಗೆ ಹೊಡಕೊಂಡು ಹೋಗಿದ್ಲು.

"ಯಾವತ್ತಾದ್ರೂ ಒಂದು ಜೀವ ಉಳಿಸಿದ್ದೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ್ರು. ಕುರಿ ಹೊಟ್ಟೆಯೊಳಗೆ ಅಡ್ಡ ಸಿಕ್ಕಿದ್ದ ಮರೀನ ನಾನು ಕೈ ಹಾಕಿ ತೆಗೆದದ್ದು ಹೇಳಿದೆ. ನೀನು ಪಕ್ಕದಲ್ಲೇ ಕುಂತು, "ಅವಸರ ಮಾಡಬ್ಯಾಡ ಕಣವ್ವ, ಕುರಿ ತಿಣುಕಿದಾಗ ಮಾತ್ರ ಎಳಿ" ಅಂದಿದ್ದೆಯಲ್ಲ, ಅದನ್ನೂ ಹೇಳಿದೆ. ಇಂಟರ್‌ವ್ಯೂಗೆ ಕುಂತಿದ್ದ ಮೂರು ಜನಾನೂ ಬರೆಯೋದು ಬಿಟ್ಟು ನನ್ನನ್ನೇ ನೋಡಿದ್ರು.

"ನಿಮ್ಮ ತಂದೆ ಡಾಕ್ಟರಾ?"

"ಹೌದು ಸರ್. ಪಶುವೈದ್ಯರು, ಸರ್ಕಾರಿ ನೌಕರಿ," ಅಂದ್ಬಿಟ್ಟೆ.

ಅವರು ತಲೆದೂಗಿದ್ರು. ಸೀಟು ಸಿಕ್ಕಂಗೇ ಐತೆ.

ಸಂಜೆ ಅವ್ವ ಬಂದ್ಲು. ನಿನ್ನ ಕೋಲು ಗೋಡೆಗೆ ಒರಗಿಸೋಕೂ ಮುಂಚೆ ಕೇಳಿದ್ಲು: "ನಿಮ್ಮಪ್ಪನ ವಿಷ್ಯ ಏನಾರ ಕೇಳಿದ್ರೇನೇ?"

"ಇಲ್ಲವ್ವ," ಅಂದೆ. "ಕೇಳಲೇ ಇಲ್ಲ."