ಮನೆ ಆಚೆ ಇದ್ದ ಕಲ್ಲು

ಮಾರ್ಚ್ 3, ಸೋಮವಾರ

ಮತ್ತೆ ಕ್ಯಾಸೆಟ್. ಇವತ್ತಿಗೆ ಹನ್ನೊಂದು ಮುಗಿಯಿತು. ಹಳೆಯ ಸಾಕ್ಷಿಗಳ ದನಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಂತೆ. ಹದಿನೇಳಕ್ಕೆ ಗಡಿ ತಕರಾರಿನ ಬಗ್ಗೆ ಎರಡೂ ದೇಶದವರ ಜಂಟಿ ಸಭೆ. ಗಡಿ ಕಚೇರಿಯಲ್ಲಿ ಅನುವಾದಕಿಯಾಗಿ ಮೂವತ್ತೊಂದು ವರ್ಷ, ನಿವೃತ್ತಿಗೆ ಆರು ವಾರ ಇರುವಾಗ ಹೆಡ್‌ಫೋನ್ ಭಾಗ್ಯ. ಸಾಹೇಬರು ಇಣುಕಿ, "ಏನ್ ಮೇಡಂ, ಹಾಡು ಕೇಳ್ತಿದೀರಾ?" ಅಂದರು. ದಿನಾ ಅದೇ ಜೋಕು. ದಿನಾ ನಗುತ್ತೇನೆ, ಕರ್ಮ.

ಮಾರ್ಚ್ 5, ಮಧ್ಯಾಹ್ನ

ಗಡಿಯ ಮನೆಸಾಲಿನಲ್ಲಿದ್ದ ಮುದುಕ ದೋಣಿಯವನ ಸಾಕ್ಷಿಯ ಕ್ಯಾಸೆಟ್ ಬಂತು. ನಾನು ಇಲ್ಲಿ ಅನುವಾದಿಸಿದ ಮೊದಲ ಸಾಕ್ಷಿ. ಆಗ ಕೈಗೆ ಸಿಕ್ಕಿದ್ದು ಗುಮಾಸ್ತ ಬರೆದುಕೊಂಡ ಹಾಳೆ ಮಾತ್ರ. ಗಡಿಕಲ್ಲು ಎಲ್ಲಿತ್ತು? "ನಮ್ಮ ಮನೆ ಆಚೆ." ಮನೆ ದಾಟಿ ಆ ಬದಿಗೆ ಅಂತ ಇಂಗ್ಲಿಷಿಗೆ ತಂದೆ. ಎಲ್ಲರೂ ಬೆನ್ನು ತಟ್ಟಿದ್ದರು. ಕಲ್ಲು ಮನೆಗಳ ಹಿಂದಿದ್ದರೆ ಎರಡೂ ದೇಶ ತಮ್ಮದೆನ್ನುವ ಇಪ್ಪತ್ಮೂರು ಮನೆಗಳ ಸಾಲು ನಮ್ಮದು. ನಮ್ಮ ನಕ್ಷೆಯ ಗೆರೆ ನಿಂತಿರುವುದೇ ಆ ವಾಕ್ಯದ ಮೇಲೆ.

ಇವತ್ತು ಕೇಳಿದರೆ ಮುದುಕ ಅಲ್ಲಿಗೇ ನಿಲ್ಲಿಸಿಲ್ಲ. "ಬೆಳಗೆದ್ದು ಅಪ್ಪ ಆ ಕಲ್ಲಿನ್ ಮೇಲೆ ಕೂತು ಗಡ್ಡ ಕೆರ್ಕೊಳ್ಳೋನು. ಅಮ್ಮ ಒಳಗಿಂದ್ಲೇ ಬಿಸಿನೀರು ಕೊಡೋಳು." ಗುಮಾಸ್ತ ಇದನ್ನು ಬರೆದುಕೊಂಡೇ ಇಲ್ಲ. ಗಡಿ ವಿಷಯದಲ್ಲಿ ಗಡ್ಡ ಯಾಕೆ ಅಂದುಕೊಂಡಿರಬೇಕು. ಮೂರು ಸಲ ಕೇಳಿದೆ. ಏನೋ ಕೊರೆಯುತ್ತಿದೆ...

ಅದೇ ದಿನ, ಸಂಜೆ 6

ಮನೆಗೆ ಬಂದಾಗ ತಮ್ಮ ಸ್ಟೂಲಿನ ಮೇಲೆ ಕೂತು ನೆಲ ಒರೆಸುತ್ತಿದ್ದ. "ಅಕ್ಕಾ, ಚಪ್ಪಲಿ ಆಚೆ ಬಿಡು!"

ಆಚೆ. ಅಂದರೆ ಹೊರಗೆ. ಬಾಗಿಲ ಹೊರಗೆ, ಅಷ್ಟೇ.

ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಗಡಿಯ ಆ ಮನೆಗಳ ಬಾಗಿಲೆಲ್ಲ ನಮ್ಮ ದೇಶದ ದಿಕ್ಕಿಗೆ. ಕಲ್ಲು ಬಾಗಿಲ ಮುಂದಿದ್ದರೆ ಗೆರೆ ಹೋಗುವುದು ಮನೆಗಳ ಮುಂದೆ, ಹಿಂದಲ್ಲ. ಅಂದರೆ ಮನೆಸಾಲು ಅವರದು.

"ಏನಾಯ್ತೇ? ದೆವ್ವ ನೋಡ್ದಂಗೆ ನಿಂತಿದೀಯ."

ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಗಳ ಹಿಂದಿನ ಚೌಕಿಯಲ್ಲಿ ಕಾವಲಿದ್ದಾಗ ಅವನ ಎಡಗಾಲು ಹೋಯಿತು. ಅಲ್ಲಿ ಚೌಕಿ ಹಾಕಿದ್ದೇ ನನ್ನ ವಾಕ್ಯ ನಂಬಿ. ತಲೆನೋವು ಅಂತ ಹೇಳಿ ಮಲಗಿದೆ.

ಮಾರ್ಚ್ 7

ಸಾಹೇಬರಿಗೆ ಹೇಳಿದೆ. ಬಾಗಿಲು ಹಾಕಿ ಬಂದು ಕೂತರು. "ಒಂದು ಪದ ಹಿಡ್ಕೊಂಡು ಯಾಕೆ ಎಳೀತೀರಾ ಮೇಡಂ? ಸಭೇಲಿ ಓದೋರು ನೀವೇ. ಇರೋದನ್ನ ಓದಿ, ಚಪ್ಪಾಳೆ ಹೊಡೆಸ್ಕೊಂಡು ಮನೆಗೆ ಹೋಗಿ." ಸಿಟ್ಟು ನೆತ್ತಿಗೇರಿತು. ಎದ್ದು ಬಂದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಸಮಾಧಾನವೂ ಆಯಿತು. ಸುಮ್ಮನಿದ್ದರೆ ತಮ್ಮನಿಗೆ ಗೊತ್ತಾಗುವುದಿಲ್ಲವಲ್ಲ. ಹೀಗೆ ಯೋಚಿಸುವ ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ 16, ಭಾನುವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಶುಕ್ರವಾರ ಫೈಲಿನಲ್ಲಿ ಆ ಮನೆಸಾಲಿನವರ ಅರ್ಜಿ ಸಿಕ್ಕಿತು. ಸತ್ತವರನ್ನು ಹೂಳಲೂ ಎರಡೂ ಕಡೆಯ ಅನುಮತಿ ಬೇಕಂತೆ, ಬರುವಷ್ಟರಲ್ಲಿ ನಾಲ್ಕು ದಿನವಂತೆ. "ಯಾರಿಗಾದರೂ ಸರಿ, ನಮ್ಮನ್ನು ಒಬ್ಬರಿಗೆ ಸೇರಿಸಿ." ಒಂಬತ್ತು ವರ್ಷದ ಹಿಂದಿನ ಅರ್ಜಿ. ಯಾರೂ ಉತ್ತರ ಕೊಟ್ಟಿಲ್ಲ.

ಇವತ್ತು ತಿಂಡಿ ಆದಮೇಲೆ ಫೋನಿಗೆ ಹಾಕಿಕೊಂಡು ಬಂದಿದ್ದ ಮುದುಕನ ದನಿಯನ್ನು ತಮ್ಮನಿಗೆ ಕೇಳಿಸಿದೆ. ನಕ್ಕ. "ಗಡ್ಡ ಕೆರೆಯೋಕೆ ಯಾರಾದ್ರೂ ಮನೆ ಹಿಂದಕ್ಕೆ ಸುತ್ತು ಹಾಕ್ತಾರೇನೆ? ಬಾಗಿಲ ಮುಂದೇನೇ..." ಅಷ್ಟಕ್ಕೆ ನಗು ನಿಂತಿತು. ನಾನು ಹೇಳುವ ಮೊದಲೇ ಲೆಕ್ಕ ಹಾಕಿಬಿಟ್ಟ. ಆ ಜಾಗ ಅವನಿಗೆ ಅಂಗೈ ಹಾಗೆ ಗೊತ್ತು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದ. ನನ್ನ ತಟ್ಟೆಯನ್ನೂ ತೊಳೆದ. ನಲ್ಲಿ ನಿಲ್ಲಿಸಿ, ತಿರುಗದೆ ಹೇಳಿದ: "ನನ್ನ ಮುಖ ನೋಡ್ಕೊಂಡು ಓದ್ಬೇಡ. ಆ ಮುದುಕ ಹೇಳಿದ್ದನ್ನ ಓದು."

ಮಾರ್ಚ್ 17, ಸಂಜೆ 5

ಓದಿದೆ. 'ಮನೆಯ ಹೊರಗೆ, ಬಾಗಿಲ ಮುಂದೆ.' ಗಡ್ಡ, ಬಿಸಿನೀರು ಸಮೇತ. ಎದುರು ಬದಿಯವರೊಬ್ಬರು ನಕ್ಕೇಬಿಟ್ಟರು. ಆಮೇಲೆ ಅರ್ಥವಾಗಿ ಪೆನ್ನು ಹುಡುಕಿದರು. ಸಾಹೇಬರು ನನ್ನ ಕಡೆ ನೋಡಲಿಲ್ಲ. ನಾಳೆಯಿಂದ ಬರುವುದು ಬೇಡವೆಂದು ಪ್ಯೂನ್ ಕೈಲಿ ಹೇಳಿಕಳಿಸಿದರು.

ಮನೆಯಲ್ಲಿ ತಮ್ಮ ಕಾಯುತ್ತಾ ಕುರ್ಚಿಯಲ್ಲೇ ಕೂತಿದ್ದ.

"ಓದಿದ್ಯಾ?"

"ಓದ್ದೆ."

"ಈಗೆಷ್ಟು ಮನೆ ಇವೆ ಅಲ್ಲಿ?"

"ಇಪ್ಪತ್ಮೂರು."

"ಒಳ್ಳೇದಾಯ್ತು ಬಿಡು" ಅಂದ. ನಿಜಕ್ಕೂ ಹಾಗೇ ಅನಿಸಿತ್ತು ಅವನಿಗೆ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಗಲಲ್ಲಿ ಯಾವತ್ತೂ ಹಾಕಿಕೊಂಡವನಲ್ಲ.

ಅಳುತ್ತಿದ್ದಾನೆ. ಇಲ್ಲಿಗೇ ಕೇಳಿಸುತ್ತಿದೆ. ಹೋಗಿ ಬಾಗಿಲು ತಟ್ಟಬೇಕು. ತಟ್ಟಿ ಏನು ಹೇಳಲಿ? ಆಗ ನನಗೆ ಇನ್ನೂ ಇಪ್ಪತ್ತೇಳು, ದನಿ ಕೇಳಿಸಿರಲಿಲ್ಲ, ಹಾಳೆಯಲ್ಲಿ ಅಷ್ಟೇ ಇತ್ತು —

ಅಲ್ಲ. ಹೀಗಲ್ಲ. ತಮ್ಮಾ, ನಿನ್ನ ಕಾಲು ಹೋಗಿದ್ದು ನನ್ನ ವಾಕ್ಯದಿಂದ...