ಸೀಟಿ ಊದದ ಅಳಿಯನಿಗೆ

ಅಳಿಯ ಬಾಳೇಶನಿಗೆ ಅನಗವಾಡಿಯಿಂದ ನಿನ್ನ ಸೋದರಮಾವನ ಆಶೀರ್ವಾದ.

ಫುಟ್‌ಬಾಲಿನ ಆಫ್‌ಸೈಡ್ ನಿಯಮ ಬರೆದವನು ನಾನೇ ಎಂಬುದು ಇಡೀ ಬೀಳಗಿ ತಾಲೂಕಿಗೆ ಗೊತ್ತು. ಆದ್ದರಿಂದ ನಿಮ್ಮ ರೆಫರಿಗಳ ಮುಷ್ಕರದ ಬಗ್ಗೆ ನಾನು ಮಾತಾಡಬಹುದು.

ಮೈದಾನದಲ್ಲಿ ಕಾಲು ಮುರಿದುಕೊಂಡ ಜೊತೆಗಾರನ ಆಸ್ಪತ್ರೆ ಖರ್ಚನ್ನು ಲೀಗಿನವರು ಕೊಡುವ ತನಕ ಸೀಟಿ ಮುಟ್ಟುವುದಿಲ್ಲ ಎಂದು ನೀವೆಲ್ಲ ಕೂತಿರಿ. ಮಹಾಲಿಂಗಪುರದ ಬೆಲ್ಲದ ದಲಾಲಿ ದುರಗೇಶ, "ನಿನ್ನ ಅಳಿಯ ನೌಕರಿ ಕಳಕೋತಾನ ನೋಡಲೇ ಹೊಳೆಪ್ಪ" ಎಂದ.

"ಸ್ವಾದರಮಾವನ ಮಾತು ಮೀರೂ ಅಳಿಯ ನಮ್ಮ ಮನ್ಯಾಗ ಹುಟ್ಟಿಲ್ಲ. ಐತವಾರ ಮೈದಾನಕ್ಕ ಇಳೀತಾನ" ಎಂದು ಪಂಥ ಕಟ್ಟಿದೆ. ಅದಕ್ಕೇ ಫೋನು ಮಾಡಿ ನಿನ್ನನ್ನು ಅಷ್ಟು ಬೈದದ್ದು.

ಐತವಾರ ದುರಗೇಶನ ಅಂಗಡಿಯ ಟಿವಿಯಲ್ಲಿ ನೋಡಿದರೆ ಸೀಟಿ ಬೇರೆ ಯಾರದೋ ಬಾಯಲ್ಲಿತ್ತು. ಎಲ್ಲರೂ ನನ್ನನ್ನು ನೋಡಿ ನಕ್ಕರು. ನನಗೆ ನಿನ್ನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುರಿದ ಕಾಲು ನಿನ್ನದಾಗಿದ್ದರೆ, ಆ ಸೀಟಿ ಊದಿದವನನ್ನು ನಾನು ಏನೆಂದು ಬೈಯುತ್ತಿದ್ದೆ ಎಂದು ಯೋಚಿಸುತ್ತ ಕೂತೆ.

ಫೋನಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೌಕರಿ ಹೋದರೆ ನಮ್ಮ ಮನೆಗೆ ಬಾ. ಬರುವಾಗ ಆ ಜೊತೆಗಾರನನ್ನೂ ಕರೆದುಕೊಂಡು ಬಾ, ಅಟ್ಟ ಹತ್ತಲು ಅವನಿಗೆ ಆಗುವುದಿಲ್ಲ, ಪಡಸಾಲೆಯಲ್ಲೇ ಹಾಸಿಗೆ ಹಾಕಿಸುತ್ತೇನೆ.

ಪಂಥದಲ್ಲಿ ನೂರು ರೂಪಾಯಿ ಹೋಯಿತೆಂದು ನಿನ್ನ ಅತ್ತೆಗೆ ಹೇಳಿದ್ದೇನೆ. ನೀನು ಅವಳ ಮುಂದೆ ಬಾಯಿ ಬಿಡಬೇಡ. ಖರೆ ಹೋದದ್ದು ಹನ್ನೊಂದು ಸಾವಿರ.

ನಿನ್ನ ಮಾವ,
ಹೊಳೆಪ್ಪ