ಅಪ್ಪನಿಗೆ ಹೇಳದ ಟ್ರೇಡ್

3 ಜೂನ್ 2024, ಬೆಳಿಗ್ಗೆ 4.50

ಎಚ್ಚರವಾಯಿತು. ಬ್ಯೂಗಲ್ ಇಲ್ಲ, ಆದರೂ ಆಯಿತು. ಹಾಸಿಗೆ ಮಡಿಸಿದೆ — ನಾಲ್ಕೂ ಮೂಲೆ ಸಮ. ಶೇವಿಂಗ್. ಯಾರ ಇನ್‌ಸ್ಪೆಕ್ಷನ್‌ಗೆ? ಯಲ್ಲಮ್ಮ ಮಗ್ಗುಲು ಬದಲಿಸಿ, “ರಿಟೈರಾಗಿ ಹತ್ತು ತಿಂಗ್ಳಾಯ್ತು, ಮಲ್ಕೊಳ್ರೀ” ಅಂದಳು. ಹೆಂಡತಿಯ ಆರ್ಡರ್. ಪಾಲಿಸಲಿಲ್ಲ.

ಫೋನ್ ನೋಡಿದೆ. ಏನೂ ಬಂದಿಲ್ಲ. ಮಗಳು ಪ್ರಜ್ಞಾ ಆನ್‌ಲೈನ್ ಮಾರಾಟಕ್ಕೆ ಪೇಜ್ ಮಾಡಿಕೊಟ್ಟು ಇಪ್ಪತ್ತೆರಡು ದಿನ. ನಾನು ಹೊಲಿದ ಚಪ್ಪಲಿಯ ಫೋಟೋ ಒಂಬತ್ತು. ಕೈಹೊಲಿಗೆ, ಒಳ್ಳೆ ಚರ್ಮ. ಇಪ್ಪತ್ನಾಲ್ಕು ವರ್ಷ ಮೇಲಿನವರು ಹೇಳಿದ್ದನ್ನು ಮಾಡಿ ಅಭ್ಯಾಸ. ಈಗ ಯಾರೋ ಗುರುತಿಲ್ಲದವರು ಬೇಕು ಅನ್ನುವವರೆಗೂ ಕೈಕಟ್ಟಿ ಕೂರಬೇಕು. ಕೂರುವುದನ್ನು ಮಾತ್ರ ಆರ್ಮಿಯಲ್ಲಿ ಕಲಿಸಲಿಲ್ಲ.

ಆರು ಗಂಟೆಗೆ ಸ್ಟೇಷನ್ ರೋಡಿನ ಮಳಿಗೆಗೆ. ಎಂದಿನಂತೆ ಶಟರ್ ಅರ್ಧ ಎತ್ತಿ ಒಳಗೆ ನುಸುಳಿದೆ. ಪೂರ್ತಿ ಎತ್ತಿದರೆ ಅಜ್ಜಂಪುರದ ಅರ್ಧ ಊರಿಗೆ ಕಾಣುತ್ತದೆ. ಅಪ್ಪನಿಗೆ ಹೇಳಿರುವುದು — “ಆನ್‌ಲೈನ್ ವ್ಯಾಪಾರ, ಪಾರ್ಸೆಲ್ ಕೆಲಸ.” ಪಾರ್ಸೆಲ್‌ನಲ್ಲಿ ಏನಿರುತ್ತೆ ಅಂತ ಅವನು ಕೇಳಿಲ್ಲ.

ಮನೆಗೆ ಹೋಗುವ ಮುಂಚೆ ನಲ್ಲಿಯಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆದೆ.

9 ಜೂನ್, ಭಾನುವಾರ, ತರೀಕೆರೆಯಿಂದ ವಾಪಸ್ ಬಸ್ಸಿನಲ್ಲಿ

ಮಾಜಿ ಸೈನಿಕರಿಗೆ ಆನ್‌ಲೈನ್ ವ್ಯಾಪಾರದ ಒಂದು ದಿನದ ತರಬೇತಿ. ಕಲ್ಯಾಣ ಮಂಟಪದಲ್ಲಿ ಇಪ್ಪತ್ತು ಜನ. ಎಲ್ಲರೂ ಹತ್ತು ನಿಮಿಷ ಮೊದಲೇ ಬಂದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆವು. ಪಾಠ ಮಾಡುವ ಶರಣ್ಯಾ ಮೇಡಂ ಐದು ನಿಮಿಷ ತಡವಾಗಿ ಓಡಿ ಬಂದರು. ಇಪ್ಪತ್ತೆಂಟು ವರ್ಷ ಇರಬಹುದು. ಎಲ್ಲರೂ ಎದ್ದು ನಿಂತೆವು. ಅವರು ಗಾಬರಿಯಾದರು.

ನನ್ನ ಪೇಜನ್ನು ಪರದೆ ಮೇಲೆ ಹಾಕಿದರು.

“ಸರ್, ಚಪ್ಪಲಿ ಚೆನ್ನಾಗಿದೆ. ಆದ್ರೆ ‘ನಾವು ತಯಾರಿಸುತ್ತೇವೆ, ನಮ್ಮ ತಂಡ’ ಅಂತ ಬರ್ದಿದ್ದೀರಲ್ಲ. ನಾವು ಅಂದ್ರೆ ಯಾರು?”

“ನಾನೊಬ್ಬನೇ ಮೇಡಂ.”

“ಹಾಗಾದ್ರೆ ‘ನಾನು’ ಅಂತ ಯಾಕೆ ಬರೀಲಿಲ್ಲ?”

ಪಕ್ಕದಲ್ಲಿದ್ದ ಸುಬೇದಾರ್ ದತ್ತಾತ್ರಿ ಸಾಹೇಬರು ನಕ್ಕು ನನ್ನ ಪರವಾಗಿ ಅಂದರು — “ನಮ್ಕಡೆ ನಾನು ನಾನು ಅಂದ್ರೆ ಪನಿಷ್ಮೆಂಟು ಮೇಡಂ.” ಎಲ್ಲರೂ ನಕ್ಕರು. ನಾನೂ.

ಊಟದ ಹೊತ್ತಿಗೆ ಅದೇ ಸಾಹೇಬರು ಕೇಳಿದರು. “ಹವಿಲ್ದಾರ್ ವೇಣು, ನಿಮ್ಮ ಟ್ರೇಡ್ ಯಾವುದು, ಆರ್ಮೀಲಿ ಯಾವ ಕೆಲಸ?”

“ಸ್ಟೋರ್ಸ್ ಸಾಬ್” ಅಂದೆ.

ಸುಳ್ಳು. ರಿಟೈರಾದ ಮೇಲೂ ಅದೇ ಸುಳ್ಳು.

10 ಜೂನ್

ನಿನ್ನೆಯದೇ ತಲೆಯಲ್ಲಿ. ಇಲ್ಲಾದರೂ ನಿಜ ಬರೆದುಕೊಳ್ಳೋಣ.

1999. ಭರ್ತಿಗೆ ಹೋದೆ. ಎದೆ ಅಳತೆ ಒಂದು ಸೆಂಟಿಮೀಟರ್ ಕಡಿಮೆ. ಬಂದೂಕಿನ ಕೆಲಸ ಇಲ್ಲ ಅಂದರು. ವಾಪಸ್ ಬರಬೇಕು. ಆಗ ಗುಮಾಸ್ತ ಕೂಗಿದ — ಕೈಕೆಲಸ ಗೊತ್ತಿದ್ದವರು ಈ ಕಡೆ ನಿಲ್ಲಿ. ನಿಂತೆ. ಒಂದು ಹರಿದ ಬೂಟು, ಉಳಿ, ಮೇಣ ಹಚ್ಚಿದ ದಾರ ಕೊಟ್ಟರು. ಕೈ ತಾನಾಗಿ ಹೊಲಿಯಿತು. ಸುಬೇದಾರ್ ಮೇಜರ್ ಬೂಟು ತಿರುಗಿಸಿ ನೋಡಿ, “ಯಾರು ಕಲಿಸಿದ್ದು?” ಅಂದರು. “ಯಾರೂ ಇಲ್ಲ ಸಾಬ್” ಅಂದೆ. ಆರ್ಮಿಯಲ್ಲಿ ನನ್ನ ಮೊದಲ ಮಾತೇ ಅದು.

ಟ್ರೇಡ್: ಬೂಟ್ ರಿಪೇರಿ.

ಅಪ್ಪ ಓಬಳಪ್ಪ ಅಜ್ಜಂಪುರ ಬಸ್ ಸ್ಟ್ಯಾಂಡ್ ಎದುರಿನ ಹೊಂಗೆ ಮರದ ಕೆಳಗೆ ಮೂವತ್ತೈದು ವರ್ಷ ಅದೇ ಕೆಲಸಕ್ಕೆ ಕೂತವನು. ಜನ ಮಾತಾಡಿಸುತ್ತಿರಲಿಲ್ಲ, ಕಾಲು ಮುಂದಕ್ಕೆ ಚಾಚುತ್ತಿದ್ದರು. “ನೀನು ಈ ಪೆಟ್ಟಿಗೆ ಮುಟ್ಬಾರ್ದು ಕಣೋ” ಅಂತ ಎಸ್ಸೆಸ್ಸೆಲ್ಸಿ ಓದಿಸಿದ. ನಾನು ಪಕ್ಕ ಕೂತು ನೋಡಿ ನೋಡಿಯೇ ಕಲಿತಿದ್ದೆ. ನಾನು ಮನೆಗೆ ಬರೆದ ಪತ್ರದಲ್ಲಿ ಒಂದೇ ಸಾಲು — ಸೆಲೆಕ್ಟ್ ಆದೆ. ಅಪ್ಪ ಬಸ್ ಸ್ಟ್ಯಾಂಡಿಗೆಲ್ಲ ಜಿಲೇಬಿ ಹಂಚಿದನಂತೆ. ನನ್ನ ಮಗ ಬಂದೂಕು ಹಿಡಿತಾನೆ ಅಂದನಂತೆ.

ಆಮೇಲೆ ಹೇಳುವುದು ಹೇಗೆ?

ರಜೆಗೆ ಬಂದಾಗ ಇಸ್ತ್ರಿ ಶರ್ಟು ಹಾಕಿಕೊಂಡು ಅದೇ ಮರದ ಕೆಳಗೆ ಅಪ್ಪನ ಪಕ್ಕ ಕೂರುತ್ತಿದ್ದೆ. ಹೊಂಗೆ ಹೂವು ಉದುರಿ ಪೆಟ್ಟಿಗೆ ತುಂಬುತ್ತಿತ್ತು. ಅಪ್ಪ ಚಹಾ ತರಿಸುತ್ತಿದ್ದ. ಮುಂದೆ ನಿಂತವರಿಗೆಲ್ಲ “ಮಿಲ್ಟ್ರಿ ಮಗ” ಅನ್ನುತ್ತಿದ್ದ. ಒಮ್ಮೊಮ್ಮೆ ದಾರದ ತುದಿ ನನ್ನ ಕಡೆ ಚಾಚಿ, “ಹಿಡ್ಕೊ ಒಸಿ” ಅನ್ನುತ್ತಿದ್ದ. ನಾನು, “ರಜಾ ಕಣಪ್ಪ” ಅಂತ ನಗುತ್ತಿದ್ದೆ. ಆ ಮಧ್ಯಾಹ್ನಗಳಷ್ಟು ಸುಖ ಮತ್ತೆ ಸಿಗಲಿಲ್ಲ. ಆ ನಗುವಿನಷ್ಟು ಸುಳ್ಳೂ…

2 ಜುಲೈ, ಮಧ್ಯಾಹ್ನ

ಆರ್ಡರ್ ಬಂದಿತ್ತು! ಕಡೂರಿನಿಂದ. ಕಳಿಸಿದೆ. ನಾಲ್ಕನೇ ದಿನ ವಾಪಸ್ಸೂ ಬಂತು. “ತುಂಬಾ ಬಿಗಿ.” ಒಂದು ಸ್ಟಾರ್.

ಆರ್ಮಿಯ ವಿಚಾರಣೆ, ಕೋರ್ಟ್ ಆಫ್ ಎನ್‌ಕ್ವೈರಿ ಬಂದ ಹಾಗಾಯಿತು. ಮೂರು ಸಲ ಹೊಲಿಗೆ ಪರೀಕ್ಷಿಸಿದೆ. ತಪ್ಪಿಲ್ಲ. ಪ್ರಜ್ಞಾ, “ಫೋನ್ ಮಾಡಿ ಮಾತಾಡಪ್ಪ, ಅಷ್ಟೇ” ಅಂದಳು. ಮಾಡಿದೆ. ಎದ್ದು ನಿಂತೇ ಮಾತಾಡಿದೆನಂತೆ. ಮೂರು ನಿಮಿಷದಲ್ಲಿ ಒಂಬತ್ತು ಸಲ ಸಾರಿ ಮೇಡಂ.

ಆಕೆ ಮಧುಶ್ರೀ, ಟೀಚರ್. ಸಮಾಧಾನದ ಹೆಣ್ಣುಮಗಳು.

“ನಿಮ್ಮ ಚಪ್ಪಲಿದು ತಪ್ಪಿಲ್ಲ ಕಣ್ರೀ. ಸಿಟ್ಟಲ್ಲಿ ಒಂದು ಸ್ಟಾರ್ ಒತ್ತಿಬಿಟ್ಟೆ. ನಮ್ಮಮ್ಮಂಗೆ ತಗೊಂಡಿದ್ದು. ಅವರ ಬಲಗಾಲು ಊತ, ಬೆರಳು ಒಂದರ ಮೇಲೊಂದು ಹತ್ತಿದೆ. ಯಾವ ಅಂಗ್ಡೀದೂ ಹಿಡಿಸಲ್ಲ. ಎರಡು ವರ್ಷದಿಂದ ಬರಿಗಾಲಲ್ಲೇ ಓಡಾಡ್ತಾರೆ.”

ಫೋನ್ ಇಟ್ಟ ಮೇಲೆ ಲ್ಯಾನ್ಸ್ ನಾಯಕ್ ಈರಪ್ಪ ನೆನಪಾದ. ಬೆಳಗಾವಿ ಕಡೆಯವನು. ಹದಿನಾಲ್ಕು ಸಾವಿರ ಅಡಿ ಮೇಲಿನ ಪೋಸ್ಟ್, ಹಿಮಕ್ಕೆ ಕಾಲಿನ ಎರಡು ಬೆರಳು ಹೋಗಿದ್ದವು. ಆರ್ಮಿಯಲ್ಲಿ ಬೂಟಿಗೆ ನಂಬರ್ ಇರುತ್ತದೆ, ಕಾಲು ಅದಕ್ಕೆ ಹೊಂದಬೇಕು. ನಾನು ಯಾರನ್ನೂ ಕೇಳದೆ ಅವನ ಬೂಟು ಬಿಚ್ಚಿದೆ. ಖಾಲಿ ಜಾಗಕ್ಕೆ ಕಂಬಳಿ ತುಂಡು ತುಂಬಿ, ಒಳಗಿನಿಂದ ಮತ್ತೆ ಹೊಲಿದೆ. ಸೀಮೆಎಣ್ಣೆ ಸ್ಟೋವ್ ಮುಂದೆ ಹಿಡಿಯದಿದ್ದರೆ ಚರ್ಮ ಮರದ ಹಾಗೆ. ಅವನು ಹಾಕಿಕೊಂಡು ಬಂಕರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ವಾಪಸ್ ಬಂದು ಸಲ್ಯೂಟ್ ಹೊಡೆದ. ಆಗ ನಾನು ಅವನಿಗಿಂತ ಕೆಳಗಿನ ಬರೀ ಸಿಪಾಯಿ. ಹೊಡೆಯಬೇಕಾಗಿರಲಿಲ್ಲ.

ಇಷ್ಟು ದೊಡ್ಡ ಸರ್ವಿಸ್‌ನಲ್ಲಿ ನನ್ನದು ಅಂತ ಇರುವುದು ಅದೊಂದೇ. ಅದನ್ನೇ ಯಾರಿಗೂ ಹೇಳಿಲ್ಲ.

7 ಜುಲೈ, ಕಡೂರು ಸ್ಟೇಷನ್, ರೈಲು ಲೇಟ್

ಅಳತೆಗೆ ಬಂದಿದ್ದೆ. ಮಧುಶ್ರೀಯವರ ತಾಯಿ ಸಾವಿತ್ರಮ್ಮ. ನಾನು ನೆಲದ ಮೇಲೆ ಕೂತು ಕಾಲಿಗೆ ಕೈ ಹಾಕಿದೆ. ಅವರು ಸೆರಗಿನಿಂದ ಕಾಲು ಮುಚ್ಚಿಕೊಂಡರು.

“ಬ್ಯಾಡಪ್ಪ. ಮಿಲ್ಟ್ರೀಲಿದ್ದೋರಂತೆ ನೀವು. ನನ್ನ ಕಾಲು ಮುಟ್ಟೋದಾ?”

“ಮಿಲ್ಟ್ರೀಲೂ ಇದೇ ಮಾಡ್ತಿದ್ದೆ ಅಮ್ಮ” ಅಂದೆ.

ಬಾಯಿಂದ ಬಂದೇ ಹೋಯಿತು. ಆಕಾಶವೇನೂ ಬೀಳಲಿಲ್ಲ. ಸಾವಿತ್ರಮ್ಮ ಸೆರಗು ಸರಿಸಿ, “ಹೌದಾ? ಹಂಗಾರೆ ಈ ಹೆಬ್ಬೆರಳು ನೋಡಿ, ಇಲ್ಲೇ ನೋವು” ಅಂದರು, ಅಷ್ಟೇ.

21 ಜುಲೈ

ಚಪ್ಪಲಿ ಕೊಟ್ಟು ಬಂದೆ. ಸಾವಿತ್ರಮ್ಮ ಅಂಗಳಕ್ಕೆ ಇಳಿದರು. ಗೇಟಿನವರೆಗೆ ಹೋದರು. ರಸ್ತೆಗೇ ಹೋಗಿಬಿಟ್ಟರು. ಮಧುಶ್ರೀ ಅಳುತ್ತಲೇ ವಿಡಿಯೋ ಮಾಡಿದರು. ಫೋನ್ ನನ್ನ ಕಡೆ ತಿರುಗಿಸಿ, “ಎಲ್ಲಿ ಕಲಿತ್ರಿ ಇದನ್ನ?” ಅಂದರು.

“ನಮ್ಮಪ್ಪನ ಹತ್ರ. ಅಜ್ಜಂಪುರ ಬಸ್ ಸ್ಟ್ಯಾಂಡ್ ಹತ್ರ ಕೂರ್ತಿದ್ರು, ಓಬಳಪ್ಪ ಅಂತ. ಆಮೇಲೆ ಆರ್ಮೀಲಿ ಇಪ್ಪತ್ನಾಲ್ಕು ವರ್ಷ ಬೂಟು ಹೊಲ್ದೆ.”

ಆನ್‌ಲೈನ್ ಹಾಕಬಹುದಾ ಅಂತ ಕೇಳಿದರು. ಹೂಂ ಅಂದೆ. ಯಾಕೆ ಅಂದೆನೋ.

24 ಜುಲೈ, ಮಧ್ಯಾಹ್ನ 2

ಪ್ರಜ್ಞಾ ಕಾಲೇಜಿನಿಂದ ಫೋನ್ ಮಾಡಿ ಕಿರುಚುತ್ತಿದ್ದಾಳೆ. “ಅಪ್ಪಾ, ನೋಡ್ದ್ಯಾ? ನಮ್ಮ ಕ್ಲಾಸ್ನೋರೆಲ್ಲ ನೋಡಿದ್ದಾರೆ! ಮೆಸೇಜ್ ಬರ್ತಾನೇ ಇದೆ!” ಕಾಲು ಚಿಕ್ಕದು ದೊಡ್ಡದು ಇರುವವರು, ಸಕ್ಕರೆ ಕಾಯಿಲೆಯವರು, ಆಕ್ಸಿಡೆಂಟ್ ಆದವರು… ಕಾಲಿನ ಫೋಟೋ ಕಳಿಸಿದ್ದಾರೆ. ಇಷ್ಟು ಜನ ಇಷ್ಟು ದಿನ ಹೇಗೆ ನಡೆದರು?

ಒಬ್ಬ ಬರೆದಿದ್ದಾನೆ — ‘ಆರ್ಮಿ ಅಂತ ಹೇಳ್ಕೊಂಡು ಚಪ್ಪಲಿ ಹೊಲೀತಿದ್ರಾ’, ನಗುವ ಮುಖ ನಾಲ್ಕು. ಉತ್ತರ ಹತ್ತು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಕಳಿಸಿದ್ದು: ‘ಹೌದು. ನಿಮ್ಮ ಅಳತೆ ಕಳಿಸಿ.’

ಆದರೆ ಫೋನ್ ಮಗುಚಿಟ್ಟಿದ್ದೇನೆ. ಅವನಿಗೆ ಹೆದರಿ ಅಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ನೋಡುತ್ತಿದ್ದಾರಂತೆ. ಅಪ್ಪ ದಿನಾ ಹನ್ನೊಂದಕ್ಕೆ ಕೋಲು ಊರಿಕೊಂಡು ಅಲ್ಲಿಗೆ ಚಹಾಕ್ಕೆ ಹೋಗುತ್ತಾನೆ.

24 ಜುಲೈ, ಸಂಜೆ 6.30

ಅಪ್ಪ ಜಗಲಿಯ ಮೇಲಿದ್ದ. ನಾನು ನಲ್ಲಿಗೆ ಹೋಗಿ ಮತ್ತೆ ಕೈ ತೊಳೆಯತೊಡಗಿದೆ.

“ಸೋಪು ಸುಮ್ನೆ ಖರ್ಚು ಮಾಡ್ಬ್ಯಾಡ ಕಣೋ. ಅದು ಹೋಗೋ ವಾಸ್ನೆ ಅಲ್ಲ.”

ನಿಂತುಬಿಟ್ಟೆ.

“ಹೋಟ್ಲಲ್ಲಿ ಫೋನ್ ತೋರ್ಸಿದ್ರು. ಕಣ್ಣಿಗೆ ಸರ್ಯಾಗಿ ಕಾಣ್ಲಿಲ್ಲ. ಮಾತು ಕೇಳುಸ್ತು.”

“ಅಪ್ಪಾ, ನಾನು…”

“ನಂಗೆ ಯಾವತ್ತೋ ಗೊತ್ತು. ಮೊದ್ಲನೇ ರಜಕ್ಕೆ ಬಂದಾಗ್ಲೇ. ಕಿರುಬೆರಳ ಬುಡ್ದಲ್ಲಿ ದಾರ ಕೊಯ್ದಿತ್ತು, ಎರಡೂ ಕೈಲಿ. ಬಂದೂಕು ಹಿಡ್ದೋನಿಗೆ ಅಲ್ಯಾಕೋ ಕೊಯ್ತದೆ?”

“ಮತ್ತೆ ಯಾಕೆ ಕೇಳ್ಲಿಲ್ಲ?”

“ನೀನ್ಯಾಕೆ ಹೇಳ್ಲಿಲ್ಲ?”

ಹೇಳಿದೆ. ಪೆಟ್ಟಿಗೆ ಮುಟ್ಟಬಾರದು ಅಂತ ತಾನೇ ಓದಿಸಿದ್ದು, ನಿನಗೆ ನೋವಾಗುತ್ತೆ ಅಂತ… ಹಾಗೇ ಏನೇನೋ. ಅಪ್ಪ ಪೂರ್ತಿ ಕೇಳಿದ.

“ಮರದಡಿ ಕೂತು, ಮೂತಿಗೆ ಕಾಲು ಚಾಚೋರ ಮುಂದೆ ತಲೆ ಬಗ್ಸಬಾರ್ದು ಅಂತ ಕಳಿಸ್ದೆ. ಹೊಲಿಗೆ ಕೆಟ್ಟದ್ದು ಅಂತ ಯಾವತ್ತು ಹೇಳ್ದೆ?”

ನಲ್ಲಿ ನಿಲ್ಲಿಸಿ ಜಗಲಿಯ ಅಂಚಿಗೆ ಕೂತೆ.

“ಪ್ರತೀ ರಜಕ್ಕೂ ನೀನು ಪಕ್ದಲ್ಲಿ ಕೂರ್ತಿದ್ದೆ. ನಾನು ದಾರ ನಿನ್ನ ಮುಂದಕ್ಕೆ ಹಿಡೀತಿದ್ದೆ. ಇವತ್ತು ಹಿಡ್ಕೋತಾನೆ, ಇವತ್ತು ಹೇಳ್ತಾನೆ ಅಂತ. ನೀನು ನಗಾಡ್ತಿದ್ದೆ. ನೀನೇ ಹೇಳ್ದಿದ್ಮೇಲೆ ನಾನೂ ಊರಿಗೆಲ್ಲ ಬಂದೂಕು ಅಂತ್ಲೇ ಹೇಳ್ಕೊಂಡ್ ಬಂದೆ. ಕಣ್ಣು ಮಂಜಾಗೋವರ್ಗೂ ಕಾದೆ ಕಣೋ.”

ಯಲ್ಲಮ್ಮ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಆರಿಹೋಯಿತು. ಯಾರೂ ಕುಡಿಯಲಿಲ್ಲ.

ಅಪ್ಪ ಸಿಟ್ಟಾಗಿ ಬೈದಿದ್ದರೆ ಚೆನ್ನಾಗಿತ್ತು.

11 ಆಗಸ್ಟ್

ಹದಿನೆಂಟು ದಿನ ಬರೆದಿಲ್ಲ. ಅಪ್ಪ ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಊಟ, ಹೋಟೆಲ್, ಜಗಲಿ. ನಾನು ಮಳಿಗೆ, ಮನೆ. ಕೆಲಸ ಬೇಕಾದಷ್ಟಿತ್ತು, ಕೈ ಓಡಲಿಲ್ಲ. ಎರಡು ಜೊತೆ ಹಾಳು ಮಾಡಿದೆ.

ಇವತ್ತು ಬೆಳಿಗ್ಗೆ ಮಳಿಗೆ ಮುಂದೆ ಆಟೋ ನಿಂತ ಸದ್ದು. ಅರ್ಧ ಶಟರ್ ಕೆಳಗೆ ಎರಡು ಕಾಲು, ಒಂದು ಕೋಲು.

“ಇದೇನು ಕಳ್ಳರ ಥರ? ಎತ್ತೋ ಮ್ಯಾಲಕ್ಕೆ. ನನ್ನ ಸೊಂಟ ಬಗ್ಗಲ್ಲ.”

ಎತ್ತಿದೆ. ಪೂರ್ತಿ. ಬಿಸಿಲು ಒಳಗಿನ ಗೋಡೆವರೆಗೂ ಬಂತು. ಆ ಗೋಡೆಗೆ ಬಿರುಕಿದೆ ಅಂತ ಇವತ್ತೇ ಗೊತ್ತಾದದ್ದು.

ಅಪ್ಪ ಚಾಪೆ ಮೇಲೆ ಕೂತು ಹೊಲಿದಿಟ್ಟಿದ್ದ ಒಂದು ಚಪ್ಪಲಿ ತಗೊಂಡ. ಹೆಬ್ಬೆರಳನ್ನು ಹೊಲಿಗೆಯ ಮೇಲೆ ನಿಧಾನಕ್ಕೆ ಓಡಿಸಿದ. ಸುತ್ತು ಪೂರ್ತಿ.

“ಹಿಮ್ಮಡಿ ಹತ್ರ ಬಿಗಿ ಜಾಸ್ತಿ. ಮಿಲ್ಟ್ರಿ ಬೂಟಲ್ಲ ಇದು. ಕಾಲು ಉಸ್ರಾಡ್ಬೇಕು.”

“ಸರಿಯಪ್ಪ.”

“ಬಿಚ್ಚು.”

ಬಿಚ್ಚಿದೆ. ದಾರದ ಒಂದು ತುದಿ ಅಪ್ಪನ ಕೈಗೆ ಕೊಟ್ಟೆ. ಹಿಡಿದುಕೊಂಡ.

29 ಆಗಸ್ಟ್, ಬೆಳಿಗ್ಗೆ 10, ಮಳಿಗೆಯಲ್ಲಿ

ಅಪ್ಪ ದಿನಾ ಬರುತ್ತಾನೆ. ಪ್ರಜ್ಞಾ ಪೇಜಿನಲ್ಲಿ ‘ನಾವು’ ಹಾಗೇ ಇರಲಿ ಅಂದಳು, ಈಗ ಅದು ಸುಳ್ಳಲ್ಲವಲ್ಲ. ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಜನ ಆಮೇಲೆ ಉತ್ತರಿಸಲಿಲ್ಲ. ಉಳಿದವರ ಚಪ್ಪಲಿ ಹೊಲಿದು ಮುಗಿಸುವಷ್ಟರಲ್ಲಿ ದೀಪಾವಳಿ ಬರುತ್ತದೆ. ಸಾಕು. ಏಳುವುದು ಈಗಲೂ 4.50ಕ್ಕೇ. ಅದು ಬಿಡುವುದಿಲ್ಲ.

ಅಪ್ಪ ದಿನಕ್ಕೊಂದು ಕೇಳುತ್ತಾನೆ. ಹಿಮದಲ್ಲಿ ಚರ್ಮ ಹೆಂಗೆ ಬಗ್ಗಿಸ್ತಿದ್ದೆ, ಮೇಣ ಗಟ್ಟಿಯಾಗ್ತಿರ್ಲಿಲ್ವಾ, ಸಾಹೇಬರ ಬೂಟಿಗೂ ಸಿಪಾಯಿ ಬೂಟಿಗೂ ಒಂದೇ ಹೊಲಿಗೆನಾ. ಹೇಳುತ್ತಾ ಹೋದರೆ ನನಗೇ ಆಶ್ಚರ್ಯ, ಎಷ್ಟೊಂದು ನೆನಪಿದೆ. ಸ್ಟೋವಿನ ವಾಸನೆ, ಹೆಸರು ಬರೆದ ಚೀಟಿ ಕಟ್ಟಿದ ಬೂಟುಗಳ ಸಾಲು, ಹೊರಗೆ ಗಾಳಿ.

ಇವತ್ತು ಕೇಳಿದ್ದು ಬೇರೆ.

“ಎಲ್ಲಾರ್ದೂ ನೀನು ಹೊಲೀತಿದ್ದೆ. ಅಲ್ಲಿ ನಿನ್ನ ಬೂಟು ಯಾರು ಹೊಲೀತಿದ್ರು?”

ಯೋಚಿಸಿದೆ. “ಯಾರೂ ಇಲ್ಲ. ನಾನೇ.”

ಅಪ್ಪ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟ. ಆಮೇಲೆ ಪಾರ್ಸೆಲ್ ಡಬ್ಬಿಯ ರಟ್ಟು ಹರಿದು ನೆಲಕ್ಕೆ ಹಾಕಿದ. ಪೆನ್ಸಿಲ್ ತಗೊಂಡ.

“ಇಡು ಕಾಲು.”

ಇಟ್ಟೆ. ಈಗ ಬರೆಯುತ್ತಿರುವುದು ರಟ್ಟಿನ ಮೇಲೆ ಕಾಲಿಟ್ಟುಕೊಂಡೇ. ಪೆನ್ಸಿಲ್ ಹಿಮ್ಮಡಿ ಸುತ್ತಿ ಬಂತು. ಅಪ್ಪನಿಗೆ ಗೆರೆ ಕಾಣುವುದಿಲ್ಲ, ಇನ್ನೊಂದು ಕೈಯಿಂದ ಕಾಲು ಸವರಿ ಸವರಿ ಎಳೆಯುತ್ತಿದ್ದಾನೆ. ಕೊನೆಯ ಸಲ ಅಳತೆ ತೆಗೆದಾಗ ನನಗೆ ಏಳು ವರ್ಷ ಇರಬೇಕು. ಕಚಗುಳಿ ಆಗಿ —

“ಪೆನ್ನು ಇಡೋ ಆ ಕಡೆ, ಕಾಲು ಅಲ್ಲಾಡ್ತದೆ” ಅಂತಾನೆ. ಇಡ್ತೀ —